ಶೆಡ್ ಮುಂದೆಯೇ ಯುಜಿಡಿ ಇದೆ, ಫ್ಯಾಕ್ಟರಿ ನೀರು ಬಿಡಬಹುದಾ?

ಪ್ರಶ್ನೆ: ನಮಸ್ಕಾರ ಸರ್. ಪೀಣ್ಯದಲ್ಲಿ ನನ್ನದೊಂದು ಚಿಕ್ಕ ಪೌಡರ್ ಕೋಟಿಂಗ್ ಶೆಡ್ ಇದೆ. ಹನ್ನೊಂದು ಜನ ಕೆಲಸಕ್ಕಿದ್ದಾರೆ. ಲೋಹದ ಮಾಲಿಗೆ ಬಣ್ಣದ ಪೌಡರ್ ಹೊಡೆಯುವ ಮುಂಚೆ ಸೆವೆನ್ ಟ್ಯಾಂಕ್ ಪ್ರೋಸೆಸ್ ಮಾಡುತ್ತೇವೆ, ಅಂದರೆ ಏಳು ಟ್ಯಾಂಕ್‌ಗಳಲ್ಲಿ ಅದ್ದಿ ತೊಳೆಯುತ್ತೇವೆ. ತೊಳೆದ ನೀರು ದಿನಕ್ಕೆ ಸುಮಾರು 3,000 ಲೀಟರ್ ಆಗುತ್ತದೆ. ಇಷ್ಟು ವರ್ಷ ಶೆಡ್ ಮುಂದಿನ ಯುಜಿಡಿಗೇ (ನೆಲದಡಿಯ ಒಳಚರಂಡಿಗೆ) ಬಿಡುತ್ತಿದ್ದೆವು. ಹೋದ ತಿಂಗಳು ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ನೋಟಿಸ್ ಬಂತು. ನೀರಿನ ಬಿಲ್ ಜೊತೆ ಸ್ಯಾನಿಟರಿ ಚಾರ್ಜ್ ತಪ್ಪದೇ ಕಟ್ಟುತ್ತೇನೆ. ಅಕ್ಕಪಕ್ಕದವರೂ ಹೀಗೇ ಬಿಡುತ್ತಾರೆ. ನಮ್ಮದು ಇಷ್ಟೇ ಇಷ್ಟು ನೀರು, ಇದಕ್ಕೂ ಇಟಿಪಿ (ಫ್ಯಾಕ್ಟರಿ ನೀರು ಶುದ್ಧ ಮಾಡುವ ಘಟಕ) ಹಾಕಬೇಕಾ? ಒಳ್ಳೆ ನೀರು ಬೆರೆಸಿ ತೆಳು ಮಾಡಿ ಬಿಟ್ಟರೆ ನಡೆಯುತ್ತಾ? ದಯವಿಟ್ಟು ದಾರಿ ಹೇಳಿ.

ಉತ್ತರ: ನೇರ ಉತ್ತರ ಮೊದಲು ಹೇಳಿಬಿಡುತ್ತೇನೆ. ಫ್ಯಾಕ್ಟರಿ ನೀರನ್ನು ಯುಜಿಡಿಗೆ ಬಿಡಲೇಬಾರದು ಅಂತ ಕಾನೂನು ಹೇಳುವುದಿಲ್ಲ. ಬಿಡಬಹುದು. ಆದರೆ ಕೇಳಿ ಬಿಡಬೇಕು, ಶುದ್ಧ ಮಾಡಿ ಬಿಡಬೇಕು. ನೀವು ಈಗ ಎರಡನ್ನೂ ಮಾಡುತ್ತಿಲ್ಲ. ನೀರು ಬೆರೆಸಿ ತೆಳು ಮಾಡುವ ಯೋಚನೆಯನ್ನಂತೂ ಇವತ್ತೇ ಬಿಟ್ಟುಬಿಡಿ. ಯಾಕೆ ಅಂತ ಕೆಳಗೆ ಲೆಕ್ಕ ಸಮೇತ ಹೇಳುತ್ತೇನೆ. ಧೈರ್ಯದ ಮಾತೂ ಒಂದಿದೆ. ನೀವು ಹೊರಗೆ ಬಿಡುವುದರಲ್ಲಿ ನಿಜವಾಗಿ ಕಾಟ ಕೊಡುವುದು ಸ್ವಲ್ಪ ಪಾಲು ಮಾತ್ರ. ಅದನ್ನು ಬೇರೆ ತೆಗೆದಿಟ್ಟರೆ ಅರ್ಧ ಸಮಸ್ಯೆ ಮುಗಿಯಿತು.

ಸ್ಯಾನಿಟರಿ ಚಾರ್ಜ್ ವಿಷಯ ತುಂಬಾ ಜನರನ್ನು ದಾರಿ ತಪ್ಪಿಸುತ್ತದೆ. ದುಡ್ಡು ಕಟ್ಟುತ್ತೇನೆ, ಹಾಗಾಗಿ ಏನು ಬೇಕಾದರೂ ಬಿಡಬಹುದು ಅನ್ನಿಸುವುದು ಸಹಜ. ಆ ದುಡ್ಡು ನಿಮ್ಮ ಟಾಯ್ಲೆಟ್ ನೀರು, ಕೈ ತೊಳೆದ ನೀರು, ಊಟದ ಡಬ್ಬಿ ತೊಳೆದ ನೀರು, ಇಷ್ಟಕ್ಕೆ. ಟ್ಯಾಂಕ್‌ನಿಂದ ಬರುವ ನೀರು ಬೇರೆಯದೇ ಬಗೆ. 1974ರ ಜಲ ಕಾಯ್ದೆ ಅದನ್ನು ಟ್ರೇಡ್ ಎಫ್ಲುಯೆಂಟ್ ಅನ್ನುತ್ತದೆ. ಮನೆಬಳಕೆಯ ಕೊಳಚೆ ಬಿಟ್ಟು ಕೈಗಾರಿಕೆಯ ಜಾಗದಿಂದ ಹೊರಗೆ ಹೋಗುವುದೆಲ್ಲ ಅದರೊಳಗೆ ಬರುತ್ತದೆ. ಕಾಯ್ದೆಯ 25ನೇ ಸೆಕ್ಷನ್ ಪ್ರಕಾರ ಅಂಥ ನೀರನ್ನು ಹೊಳೆಗೆ, ಬಾವಿಗೆ, ಒಳಚರಂಡಿಗೆ ಅಥವಾ ನೆಲಕ್ಕೆ ಬಿಡಬೇಕಾದರೆ ಮಾಲಿನ್ಯ ನಿಯಂತ್ರಣ ಮಂಡಳಿಯ ಕನ್ಸೆಂಟ್, ಅಂದರೆ ಲಿಖಿತ ಒಪ್ಪಿಗೆ ಬೇಕು. ಒಳಚರಂಡಿ ಅನ್ನುವ ಮಾತು ಕಾಯ್ದೆಯಲ್ಲೇ ಇದೆ. ಯುಜಿಡಿ ತಾನೇ, ಹೊಳೆಗಂತೂ ಬಿಟ್ಟಿಲ್ಲವಲ್ಲ ಅಂತ ನೋಟಿಸ್‌ಗೆ ಉತ್ತರ ಬರೆಯಬೇಡಿ. ಅದು ನಿಲ್ಲುವುದಿಲ್ಲ.

ಎರಡು ಬಾಗಿಲು ತಟ್ಟಬೇಕು ಅನ್ನುವುದನ್ನೂ ನೆನಪಿಡಿ. ನೀರಿನ ಗುಣ ನೋಡುವುದು ಮಾಲಿನ್ಯ ನಿಯಂತ್ರಣ ಮಂಡಳಿ. ಪೈಪ್ ಮಾತ್ರ ಜಲಮಂಡಳಿಯದು. 1964ರ ಜಲಮಂಡಳಿ ಕಾಯ್ದೆ ಮತ್ತು 1974ರ ಒಳಚರಂಡಿ ನಿಯಮಗಳು ಬೆಂಗಳೂರಿನ ಪೈಪ್‌ಗಳಿಗೆ ಅನ್ವಯಿಸುತ್ತವೆ. ಮಂಡಳಿಯ ಕನ್ಸೆಂಟ್ ಇದೆ ಅಂತ ಜಲಮಂಡಳಿಗೆ ತಿಳಿಸದೆ ಜೋಡಣೆ ಮಾಡಿದರೂ ತಪ್ಪು. ಜಲಮಂಡಳಿಯ ಕನೆಕ್ಷನ್ ಇದೆ ಅಂತ ಕನ್ಸೆಂಟ್ ಇಲ್ಲದೆ ಬಿಟ್ಟರೂ ತಪ್ಪು.

ಈಗ ಮಿತಿಗಳ ವಿಷಯ. 1986ರ ಪರಿಸರ ಸಂರಕ್ಷಣಾ ನಿಯಮಗಳ ಆರನೇ ಷೆಡ್ಯೂಲ್‌ನಲ್ಲಿ ಒಂದು ಪಟ್ಟಿ ಇದೆ. ಅದರಲ್ಲಿ ನಾಲ್ಕು ಕಾಲಂ. ಹೊಳೆ ಕೆರೆಗೆ ಬಿಟ್ಟರೆ ಎಷ್ಟು, ಸಾರ್ವಜನಿಕ ಒಳಚರಂಡಿಗೆ ಎಷ್ಟು, ನೀರಾವರಿ ನೆಲಕ್ಕೆ ಎಷ್ಟು, ಸಮುದ್ರಕ್ಕೆ ಎಷ್ಟು ಅಂತ. ಒಳಚರಂಡಿಯ ಕಾಲಂ ನೋಡಿದರೆ ಮೊದಲು ಸಮಾಧಾನ ಆಗುತ್ತದೆ. ಬಿಒಡಿ (ನೀರಿನಲ್ಲಿರುವ ಕೊಳೆಯುವ ಕೊಳಕಿನ ಅಳತೆ) ಹೊಳೆಗಾದರೆ ಲೀಟರ್‌ಗೆ 30 ಮಿಲಿಗ್ರಾಂ, ಒಳಚರಂಡಿಗೆ 350. ತೇಲುವ ಕಣ ಹೊಳೆಗೆ 100, ಒಳಚರಂಡಿಗೆ 600. ಎಣ್ಣೆ ಜಿಡ್ಡು 10ರ ಬದಲು 20. ಸತು 5ರ ಬದಲು 15. ಸೀಸ 0.1ರ ಬದಲು 1. ಹೆಕ್ಸಾವೇಲೆಂಟ್ ಕ್ರೋಮಿಯಂ (ಕ್ರೋಮಿಯಂನ ವಿಷದ ರೂಪ) 0.1ರ ಬದಲು 2. ನಿಕ್ಕಲ್ ಎರಡಕ್ಕೂ 3. ಪಿಎಚ್ ಎಲ್ಲ ಕಡೆಗೂ 5.5ರಿಂದ 9.

ಒಳಚರಂಡಿಗೆ ಇಷ್ಟು ಸಡಿಲ ಯಾಕೆ? ಆ ಪೈಪ್‌ನ ಕೊನೆಯಲ್ಲಿ ಎಸ್‌ಟಿಪಿ (ಊರಿನ ಕೊಳಚೆ ಶುದ್ಧ ಮಾಡುವ ಘಟಕ) ಇದೆ ಅನ್ನುವ ನಂಬಿಕೆಯ ಮೇಲೆ. ಬಿಒಡಿ 350 ಅಂದರೆ ಹೆಚ್ಚುಕಡಿಮೆ ನಮ್ಮ ಮನೆಗಳ ಕೊಳಚೆಯಷ್ಟೇ ಗಟ್ಟಿ. ಮನೆಯ ನೀರಿನ ಹಾಗೆ ಇದ್ದರೆ ಸಾಕು, ಮಿಕ್ಕಿದ್ದನ್ನು ಎಸ್‌ಟಿಪಿ ನೋಡಿಕೊಳ್ಳುತ್ತದೆ ಅನ್ನುವುದು ಒಳಗಿನ ಲೆಕ್ಕ. ಆದರೆ ಈ ಲೆಕ್ಕ ಅನ್ನ, ಸಾರು, ಸಕ್ಕರೆ, ಮಲಮೂತ್ರದ ಥರ ಕೊಳೆಯುವ ವಸ್ತುವಿಗೆ ಸರಿ. ಲೋಹ ಕೊಳೆಯುವುದಿಲ್ಲ. ಸತುವಾಗಲಿ ನಿಕ್ಕಲ್ ಆಗಲಿ ಎಸ್‌ಟಿಪಿಗೆ ಹೋದರೆ ಕರಗಿ ಮಾಯ ಆಗಲ್ಲ. ಒಂದಷ್ಟು ಕೆಸರಿನಲ್ಲಿ ಕೂರುತ್ತದೆ, ಒಂದಷ್ಟು ನೀರಿನ ಜೊತೆ ಆಚೆ ಹೋಗುತ್ತದೆ. ಪಟ್ಟಿಯಲ್ಲಿ ಪಾದರಸದ ಮಿತಿ ಒಳಚರಂಡಿಗೂ ಹೊಳೆಗೂ ಒಂದೇ, 0.01. ಕ್ಯಾಡ್ಮಿಯಂ ಅಂತೂ ಹೊಳೆಗೆ 2, ಒಳಚರಂಡಿಗೆ 1. ಅಂದರೆ ಒಳಚರಂಡಿಗೇ ಬಿಗಿ.

ಇಲ್ಲಿ ಒಂದು ಎಚ್ಚರಿಕೆ. ಎಲೆಕ್ಟ್ರೋಪ್ಲೇಟಿಂಗ್‌ನಂಥ ಕೆಲವು ಕಸುಬುಗಳಿಗೆ ಅದೇ ನಿಯಮಗಳ ಒಂದನೇ ಷೆಡ್ಯೂಲ್‌ನಲ್ಲಿ ಪ್ರತ್ಯೇಕ ಮಿತಿ ಇದೆ. ಅಂಥವರಿಗೆ ಈ ಸಾಮಾನ್ಯ ಪಟ್ಟಿ ಅನ್ವಯಿಸುವುದಿಲ್ಲ. ಇದಲ್ಲದೆ ಮಂಡಳಿ ತನ್ನ ಕನ್ಸೆಂಟ್‌ನಲ್ಲಿ ಇನ್ನೂ ಬಿಗಿ ಮಾಡಬಹುದು. ಆದ್ದರಿಂದ ನಾನು ಹೇಳಿದ ಸಂಖ್ಯೆಗಿಂತ ನಿಮ್ಮ ಸಿಎಫ್‌ಒ (ಘಟಕ ನಡೆಸಲು ಮಂಡಳಿ ಕೊಡುವ ಕನ್ಸೆಂಟ್) ಪ್ರತಿಯಲ್ಲಿ ಬರೆದಿರುವುದೇ ನಿಮಗೆ ಕೊನೆಯ ಮಾತು. ಅದರ ಹಿಂದಿನ ಪುಟಗಳಲ್ಲಿ ಷರತ್ತುಗಳ ಅನುಬಂಧ ಇರುತ್ತದೆ. ಜಾಸ್ತಿ ಜನ ಮೊದಲ ಪುಟವನ್ನು ಫ್ರೇಮ್ ಹಾಕಿಸಿ ಗೋಡೆಗೆ ನೇತುಹಾಕುತ್ತಾರೆ, ಅನುಬಂಧ ಫೈಲ್‌ನಲ್ಲೇ ಉಳಿದುಬಿಡುತ್ತದೆ. ಎಷ್ಟು ಲೀಟರ್, ಎಲ್ಲಿಗೆ, ಯಾವ ಗುಣದಲ್ಲಿ ಬಿಡಬೇಕು ಅನ್ನುವುದೆಲ್ಲ ಇರುವುದು ಅಲ್ಲೇ.

ಎಸ್‌ಟಿಪಿ ನೋಡಿಕೊಳ್ಳುತ್ತದೆ ಅಂದೆ. ಅದು ಹೇಗೆ ನೋಡಿಕೊಳ್ಳುತ್ತದೆ ಅಂತ ಗೊತ್ತಾದರೆ ಈ ನಿಯಮಗಳ ಮೇಲಿನ ಸಿಟ್ಟು ಸ್ವಲ್ಪ ಕಡಿಮೆ ಆಗುತ್ತದೆ. ಅಲ್ಲಿ ಕೆಲಸ ಮಾಡುವುದು ಯಂತ್ರ ಅಲ್ಲ, ಜೀವ. ದೋಸೆ ಹಿಟ್ಟು ಹುದುಗು ಬರುವ ಹಾಗೆ ಅಲ್ಲಿಯ ತೊಟ್ಟಿಯಲ್ಲಿ ಕೋಟಿಗಟ್ಟಲೆ ಸೂಕ್ಷ್ಮಜೀವಿಗಳು ಕೊಳಕನ್ನು ತಿಂದು ಬೆಳೆಯುತ್ತವೆ. ಯಂತ್ರ ಮಾಡುವುದು ಅವಕ್ಕೆ ಗಾಳಿ ಊದುವ ಕೆಲಸ ಅಷ್ಟೇ.

ವರ್ಷಗಳ ಹಿಂದೆ ಒಂದು ಎಸ್‌ಟಿಪಿಯಲ್ಲಿ ನಾನು ಬೆಳಗಿನ ಪಾಳಿಯಲ್ಲಿದ್ದೆ. ದಿನಾ ಬೆಳಗ್ಗೆ ಗಾಳಿ ತೊಟ್ಟಿಯ ನೀರನ್ನು ಒಂದು ಲೀಟರ್ ಗಾಜಿನ ಜಾಡಿಗೆ ತುಂಬಿ ಅರ್ಧ ಗಂಟೆ ಅಲುಗಾಡಿಸದೆ ಇಡುತ್ತಿದ್ದೆವು. ಎಲ್ಲ ಚೆನ್ನಾಗಿದ್ದರೆ ಕಂದು ಕೆಸರು ಮೆತ್ತಗೆ ತಳಕ್ಕೆ ಇಳಿದು ಮೇಲೆ ತಿಳಿನೀರು ನಿಲ್ಲುತ್ತದೆ. ವಾಸನೆಯೂ ಮೊದಲ ಮಳೆಯ ಮಣ್ಣಿನ ಹಾಗೆ ಇರುತ್ತದೆ. ಆ ದಿನ ಅರ್ಧ ಗಂಟೆ ಕಳೆದರೂ ಕೆಸರು ಕೂರಲಿಲ್ಲ. ಜಾಡಿಯ ತುಂಬ ಬೂದಿ ಬಣ್ಣದ ಕಲಕು ನೀರು. ಒಂದು ಹನಿಯನ್ನು ಮೈಕ್ರೋಸ್ಕೋಪ್ ಕೆಳಗೆ ಇಟ್ಟು ನೋಡಿದೆ. ಹಿಂದಿನ ದಿನದವರೆಗೂ ಅಲ್ಲಿ ಉದ್ದ ತೊಟ್ಟಿನ ಪುಟ್ಟ ಗಂಟೆ ಹೂವಿನಂಥ ಜೀವಿಗಳು ಬಾಯಿ ತೆರೆದು ಮುಚ್ಚಿ ಮಾಡುತ್ತಿದ್ದವು. ಅವತ್ತು ಒಂದೂ ಅಲುಗಾಡುತ್ತಿರಲಿಲ್ಲ. ರಾತ್ರಿ ಯಾರೋ ಎಲ್ಲೋ ಒಂದು ಟ್ಯಾಂಕ್ ಖಾಲಿ ಮಾಡಿದ್ದರು. ಯಾರು ಅಂತ ಕೊನೆಗೂ ಗೊತ್ತಾಗಲಿಲ್ಲ. ತೊಟ್ಟಿ ಮತ್ತೆ ಜೀವ ಹಿಡಿಯಲು ಹತ್ತು ದಿನಕ್ಕೂ ಜಾಸ್ತಿ ಬೇಕಾಯಿತು. ಅಷ್ಟು ದಿನ ಊರಿನ ಆ ಭಾಗದ ಕೊಳಚೆ ಅರೆಬರೆ ಶುದ್ಧವಾಗಿ ಕೆರೆಗೆ ಹೋಯಿತು. ನಾವು ಮಾಡುವಂಥದ್ದು ಏನೂ ಇರಲಿಲ್ಲ. ಒಬ್ಬರ ಟ್ಯಾಂಕ್‌ನಿಂದ ಸಾವಿರಾರು ಮನೆಗಳ ನೀರು ಕೆಟ್ಟಿತು.

ಎಸ್‌ಟಿಪಿಗೆ ಮುಂಚೆ ಪೈಪ್ ಇದೆ, ಪೈಪ್‌ಗೆ ಇಳಿಯುವ ಜನ ಇದ್ದಾರೆ. ನನಗೆ ಇದು ಎಲ್ಲಕ್ಕಿಂತ ದೊಡ್ಡ ಕಾರಣ. ತುಕ್ಕು ತೆಗೆಯುವ ನಿಮ್ಮ ಡೀರಸ್ಟಿಂಗ್ ಟ್ಯಾಂಕ್‌ನಲ್ಲಿ ಇರುವುದು ಹೈಡ್ರೋಕ್ಲೋರಿಕ್ ಆಸಿಡ್ ಇರಬೇಕು, ಅಲ್ವಾ? ಆಸಿಡ್ ಸಿಮೆಂಟ್ ಪೈಪನ್ನು ತಿನ್ನುತ್ತದೆ, ಅದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಇನ್ನೊಂದಿದೆ. ಯುಜಿಡಿಯ ತಳದ ಹೂಳಿನಲ್ಲಿ ಸಲ್ಫೈಡ್ ಇರುತ್ತದೆ. ಅದಕ್ಕೆ ಆಸಿಡ್ ತಗುಲಿದರೆ ಹೈಡ್ರೋಜನ್ ಸಲ್ಫೈಡ್ ಅನಿಲ ಏಳುತ್ತದೆ. ಕೊಳೆತ ಮೊಟ್ಟೆಯ ವಾಸನೆಯ ಅನಿಲ ಅದು. ಪ್ರಮಾಣ ಜಾಸ್ತಿಯಾದರೆ ಮೂಗಿಗೆ ವಾಸನೆಯೇ ತಿಳಿಯುವುದಿಲ್ಲ, ಮನುಷ್ಯ ನಿಂತಲ್ಲೇ ಕುಸಿಯುತ್ತಾನೆ. ಅದೇ ಲೈನ್‌ನಲ್ಲಿ ಯಾರಾದರೂ ಸಯನೈಡ್ ಪ್ಲೇಟಿಂಗ್ ನೀರು ಬಿಟ್ಟಿದ್ದರೆ, ನಿಮ್ಮ ಆಸಿಡ್ ಅದಕ್ಕೆ ಸೇರಿ ಹೈಡ್ರೋಜನ್ ಸಯನೈಡ್ ಆಗುತ್ತದೆ. ನಿಮ್ಮ ಶೆಡ್‌ನಲ್ಲೂ ಇಲ್ಲದ, ಅವರ ಶೆಡ್‌ನಲ್ಲೂ ಇಲ್ಲದ ವಿಷ ರಸ್ತೆ ಕೆಳಗೆ ಹುಟ್ಟುತ್ತದೆ. ಮ್ಯಾನ್‌ಹೋಲ್‌ಗೆ ಮನುಷ್ಯರನ್ನು ರಕ್ಷಣೆಯಿಲ್ಲದೆ ಇಳಿಸುವುದು 2013ರ ಮಲಹೊರುವ ಪದ್ಧತಿ ನಿಷೇಧ ಕಾಯ್ದೆಯ ಪ್ರಕಾರ ಅಪರಾಧ. ಆದರೂ ಸಾವುಗಳು ನಿಂತಿಲ್ಲ. ಇಂಥ ಸಾವಿಗೆ ಪರಿಹಾರವನ್ನು ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ 10 ಲಕ್ಷದಿಂದ 30 ಲಕ್ಷಕ್ಕೆ ಏರಿಸಿತು. ಪಿಎಚ್ 5.5ರ ಕೆಳಗೆ ಬೇಡ ಅನ್ನುವ ಆ ಚಿಕ್ಕ ಸಾಲಿನ ಹಿಂದೆ ಒಬ್ಬ ಮನುಷ್ಯನ ಉಸಿರಿದೆ ಅಂತ ನಾನು ಹೋದ ಫ್ಯಾಕ್ಟರಿಗಳಲ್ಲೆಲ್ಲ ಹೇಳುತ್ತೇನೆ.

ಇನ್ನು ನೀರು ಎಲ್ಲಿಗೆ ಹೋಗುತ್ತದೆ ನೋಡಿ. ಪೀಣ್ಯದ ನೀರಿನ ದೊಡ್ಡ ಪಾಲು ವೃಷಭಾವತಿ ಕಡೆಗೆ ಇಳಿಯುತ್ತದೆ. ವೃಷಭಾವತಿ ಬಿಡದಿ ಹತ್ತಿರದ ಬೈರಮಂಗಲ ಕೆರೆಗೆ ಹೋಗಿ, ಮುಂದೆ ಅರ್ಕಾವತಿ ಸೇರಿ, ಸಂಗಮದಲ್ಲಿ ಕಾವೇರಿಗೆ ಸೇರುತ್ತದೆ. ಬೈರಮಂಗಲದ ಕೆಳಗಿನ ರೈತರು ಆ ನೀರಿನಲ್ಲೇ ಬೇಬಿ ಕಾರ್ನ್ ಬೆಳೆಯುತ್ತಾರೆ, ಹಸುವಿಗೆ ಹುಲ್ಲು ಬೆಳೆಯುತ್ತಾರೆ. ಆ ಹಾಲು ಮತ್ತೆ ನಮ್ಮ ಕಡೆಗೇ ಬರುತ್ತದೆ. ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕಥೆ ನಿಮಗೂ ಗೊತ್ತಿರಬೇಕು. ಅಲ್ಲಿಯ ಎಸ್‌ಟಿಪಿಗಳ ನೀರನ್ನು 2018ರಿಂದ ಕೋಲಾರದ ಕೆರೆಗಳಿಗೆ ಪಂಪ್ ಮಾಡುತ್ತಿದ್ದಾರೆ. ದಿನಕ್ಕೆ 440 ದಶಲಕ್ಷ ಲೀಟರ್‌ನ ಯೋಜನೆ. ಶುರುವಾದ ಮರು ತಿಂಗಳೇ, ಜುಲೈನಲ್ಲಿ, ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಎದ್ದು ಹೈಕೋರ್ಟ್ ಕೆಲವು ಕಾಲ ತಡೆ ಕೊಟ್ಟಿತ್ತು. ನಿಮ್ಮ ನೀರು ಆ ಕಡೆಗೆ ಹೋಗುವುದಿಲ್ಲ, ನಿಜ. ಆದರೆ ವೃಷಭಾವತಿ ಕಣಿವೆಯ ನೀರಿನಿಂದಲೂ ನೆಲಮಂಗಲ, ತುಮಕೂರು ಕಡೆಯ ಕೆರೆ ತುಂಬಿಸುವ ಯೋಜನೆ ಇದೆ. ಅಂದರೆ ಇನ್ನು ಮುಂದೆ ನಾವು ಯುಜಿಡಿಗೆ ಬಿಟ್ಟದ್ದು ಯಾರದೋ ಊರಿನ ಬೋರ್‌ವೆಲ್‌ಗೆ ಇಳಿಯುವ ನೀರು.

ರಾಜಕಾಲುವೆ ಬಗ್ಗೆಯೂ ಒಂದು ಮಾತು. ಕೆಲವರು ಯುಜಿಡಿಗೆ ಬೇಡ ಅಂದರು ಅಂತ ಪೈಪನ್ನು ಮಳೆನೀರಿನ ಚರಂಡಿಗೆ ತಿರುಗಿಸುತ್ತಾರೆ. ಅದು ಇನ್ನೂ ಕೆಟ್ಟದ್ದು. ಮಳೆನೀರಿನ ಚರಂಡಿಯ ಕೊನೆಯಲ್ಲಿ ಎಸ್‌ಟಿಪಿ ಇಲ್ಲ, ಸೀದಾ ಕೆರೆ. ಅಲ್ಲಿಗೆ ಬಿಟ್ಟರೆ ಹೊಳೆಯ ಕಾಲಂನ ಬಿಗಿ ಮಿತಿಯೇ ಅನ್ವಯ.

ಈಗ ತೆಳು ಮಾಡುವ ಲೆಕ್ಕ. ಲೋಹಕ್ಕೆ ಫಾಸ್ಫೇಟ್ ಪದರ ಕೊಡುವ ನಿಮ್ಮ ಫಾಸ್ಫೇಟಿಂಗ್ ಟ್ಯಾಂಕ್ 500 ಲೀಟರ್ ಅಂತ ಇಟ್ಟುಕೊಳ್ಳಿ. ಅದರ ದ್ರಾವಣದಲ್ಲಿ ಲೀಟರ್‌ಗೆ 2 ಗ್ರಾಂ ಸತು ಇದೆ ಅನ್ನೋಣ. ಒಟ್ಟು ಒಂದು ಕೆಜಿ ಸತು. ಟ್ಯಾಂಕ್ ಹಳೆಯದಾಯಿತು ಅಂತ ಚೆಲ್ಲುವಾಗ ಅದನ್ನು ಲೀಟರ್‌ಗೆ 15 ಮಿಲಿಗ್ರಾಂಗೆ ತರಬೇಕಾದರೆ ಸುಮಾರು 66,700 ಲೀಟರ್ ನೀರು ಬೇಕು. 6,000 ಲೀಟರ್‌ನ ಹನ್ನೊಂದು ಟ್ಯಾಂಕರ್. ಬೇಸಿಗೆಯಲ್ಲಿ ಕುಡಿಯುವ ನೀರಿಗೇ ಟ್ಯಾಂಕರ್ ಸಿಗದ ಊರಿನಲ್ಲಿ ಇದು ಆಗುವ ಮಾತಲ್ಲ. ಆದರೂ ಮಾಡಿದಿರಿ ಅಂತಲೇ ಇಟ್ಟುಕೊಳ್ಳಿ. ಎಸ್‌ಟಿಪಿಗೆ ಹೋಗಿದ್ದು ಎಷ್ಟು? ಅದೇ ಒಂದು ಕೆಜಿ ಸತು. ಒಂದು ಮಿಲಿಗ್ರಾಂ ಕೂಡ ಕಡಿಮೆ ಆಗಿಲ್ಲ. ನಿಮ್ಮ ನೀರಿನ ಮೀಟರ್ ಓದು ಒಮ್ಮೆಗೇ ಏರಿದ್ದನ್ನು ಅಧಿಕಾರಿಗಳೂ ನೋಡುತ್ತಾರೆ.

ಹಾಗಾದರೆ ಮಾಡುವುದು ಏನು? ನಿಮ್ಮ ಏಳು ಟ್ಯಾಂಕ್ ಮುಂದೆ ಒಂದು ದಿನ ಸುಮ್ನೆ ನಿಂತು ನೋಡಿ. ಡೀಗ್ರೀಸಿಂಗ್ (ಜಿಡ್ಡು ತೆಗೆಯುವುದು), ಡೀರಸ್ಟಿಂಗ್, ಫಾಸ್ಫೇಟಿಂಗ್, ಪ್ಯಾಸಿವೇಷನ್ (ತುಕ್ಕು ತಡೆಯುವ ಕೊನೆಯ ಅದ್ದುವಿಕೆ), ಇವು ಗಟ್ಟಿ ದ್ರಾವಣದ ಟ್ಯಾಂಕ್‌ಗಳು. ಇವನ್ನು ನೀವು ದಿನಾ ಖಾಲಿ ಮಾಡುವುದಿಲ್ಲ, ಯಾವಾಗಲೋ ಒಮ್ಮೆ. ನಡುವೆ ಇರುವುದು ನೀರಿನಲ್ಲಿ ತೊಳೆಯುವ ಟ್ಯಾಂಕ್‌ಗಳು. ನಿಮ್ಮ 3,000 ಲೀಟರ್ ಬರುವುದು ಅಲ್ಲಿಂದ. ಇವೆರಡನ್ನೂ ಒಂದೇ ಮೋರಿಗೆ ಬಿಡುತ್ತಿರುವುದೇ ಮೂಲ ತಪ್ಪು. ಎರಡಕ್ಕೂ ಬೇರೆ ಬೇರೆ ಪೈಪ್, ಬೇರೆ ಬೇರೆ ತೊಟ್ಟಿ ಮಾಡಿ. ಬೇರೆ ಏನು ಮಾಡದಿದ್ದರೂ ಈ ವಾರ ಇದೊಂದನ್ನು ಮಾಡಿ.

ಆಮೇಲೆ ತೊಳೆಯುವ ನೀರನ್ನು ಕಡಿಮೆ ಮಾಡಿ. ಹುಡುಗರು ಬಾಸ್ಕೆಟ್ ಎತ್ತಿದ ತಕ್ಷಣ ಮುಂದಿನ ಟ್ಯಾಂಕ್‌ಗೆ ಇಳಿಸುತ್ತಾರೆ. ದ್ರಾವಣ ಸುರಿಯುತ್ತಲೇ ಇರುತ್ತದೆ. ಟ್ಯಾಂಕ್ ಮೇಲೆಯೇ ಅರ್ಧ ನಿಮಿಷ ಹಿಡಿದು ಸೋರಲು ಬಿಟ್ಟರೆ ದ್ರಾವಣ ವಾಪಸ್ ಟ್ಯಾಂಕ್‌ಗೇ ಬೀಳುತ್ತದೆ. ನಿಮ್ಮ ಕೆಮಿಕಲ್ ಖರ್ಚೂ ಇಳಿಯುತ್ತದೆ. ಎರಡು ಟ್ಯಾಂಕ್ ನಡುವೆ ಒಂದು ಇಳಿಜಾರು ತಗಡು ಹಾಕಿದರೆ ನೆಲದ ಮೇಲೂ ಬೀಳುವುದಿಲ್ಲ. ಒಂದು ರಿನ್ಸ್ (ತೊಳೆಯುವ ಟ್ಯಾಂಕ್) ಬದಲು ಎರಡು ರಿನ್ಸ್ ಇಟ್ಟು, ಹೊಸ ನೀರನ್ನು ಎರಡನೆಯದಕ್ಕೆ ಬಿಟ್ಟು, ಅದು ತುಂಬಿ ಹರಿದಿದ್ದು ಮೊದಲನೆಯದಕ್ಕೆ ಬರುವ ಹಾಗೆ ಮಾಡಿ. ಮಾಲು ಮುಂದಕ್ಕೆ ಹೋಗುತ್ತದೆ, ನೀರು ಹಿಂದಕ್ಕೆ ಬರುತ್ತದೆ. ಹೀಗೆ ಮಾಡಿದ ಶೆಡ್‌ಗಳಲ್ಲಿ ನೀರಿನ ಬಳಕೆ ಅರ್ಧಕ್ಕಿಂತ ಕೆಳಗೆ ಬಂದಿದ್ದನ್ನು ನಾನೇ ನೋಡಿದ್ದೇನೆ.

ಉಳಿದ ನೀರಿಗೆ ದೊಡ್ಡ ಇಟಿಪಿ ಬೇಕಿಲ್ಲ. ದಿನದ ನೀರು ಹಿಡಿಸುವ ಎರಡು ತೊಟ್ಟಿ, ಒಂದು ಕಲಕುವ ಮೋಟಾರ್, ಒಂದು ಮರಳು ಫಿಲ್ಟರ್, ಕೆಸರು ಹಿಂಡಲು ಚಿಕ್ಕ ಫಿಲ್ಟರ್ ಪ್ರೆಸ್. ಒಂದು ತೊಟ್ಟಿ ತುಂಬುವಾಗ ಇನ್ನೊಂದರಲ್ಲಿ ಶುದ್ಧ ಮಾಡುವುದು. ಕಲಕುತ್ತಾ ಸ್ವಲ್ಪ ಸ್ವಲ್ಪವೇ ಸುಣ್ಣದ ನೀರು ಹಾಕಿ ಪಿಎಚ್ 9ರ ಆಸುಪಾಸಿಗೆ ತನ್ನಿ. ಸತು ಆಗ ಕರಗಿದ ಸ್ಥಿತಿ ಬಿಟ್ಟು ಬಿಳಿ ಹತ್ತಿಯ ಹಾಗೆ ಹೆಪ್ಪಾಗುತ್ತದೆ. ಕಬ್ಬಿಣ ಇದ್ದರೆ ಕೆಮ್ಮಣ್ಣಿನ ಬಣ್ಣ ಬರುತ್ತದೆ. ಫಾಸ್ಫೇಟ್ ಕೂಡ ಸುಣ್ಣದ ಜೊತೆ ಕೂರುತ್ತದೆ. ಚಿಟಿಕೆ ಪಾಲಿ (ಹೆಪ್ಪನ್ನು ಒಟ್ಟುಗೂಡಿಸುವ ಪಾಲಿಎಲೆಕ್ಟ್ರೊಲೈಟ್) ಹಾಕಿ ಮೆಲ್ಲಗೆ ಕಲಕಿದರೆ ಹೆಪ್ಪು ದೊಡ್ಡದಾಗಿ ತಳಕ್ಕೆ ಬೀಳುತ್ತದೆ. ಒಂದೆರಡು ಗಂಟೆ ಬಿಟ್ಟು ಮೇಲಿನ ತಿಳಿಯನ್ನು ಮಾತ್ರ ಮರಳು ಫಿಲ್ಟರ್‌ಗೆ ಬಿಡಿ. ಸುಣ್ಣ ಜಾಸ್ತಿ ಹಾಕಿದರೆ ಜಾಸ್ತಿ ಒಳ್ಳೆಯದು ಅಂದುಕೊಳ್ಳಬೇಡಿ. ಪಿಎಚ್ 11 ದಾಟಿದರೆ ಕೂತ ಸತು ಮತ್ತೆ ಕರಗುತ್ತದೆ. ಹೊರಗೆ ಬಿಡುವ ಮುಂಚೆ ಪಿಎಚ್ 9ರ ಒಳಗಿದೆಯಾ ಅಂತ ನೋಡಿ. ಪಿಎಚ್ ಪೇಪರ್ ಸಾಲದು, ಒಂದು ಮೀಟರ್ ತಂದಿಡಿ.

ನಿಮ್ಮ ಕೊನೆಯ ಟ್ಯಾಂಕ್ ಯಾವ ಬಣ್ಣದ್ದು? ಹಳದಿ ಅಥವಾ ಕಿತ್ತಳೆ ಇದ್ದರೆ ಅದು ಕ್ರೋಮೇಟ್, ಅಂದರೆ ಹೆಕ್ಸಾವೇಲೆಂಟ್ ಕ್ರೋಮಿಯಂ. ಪೀಣ್ಯದ ಅಂತರ್ಜಲದಲ್ಲಿ ಸಿಕ್ಕ ಕ್ರೋಮಿಯಂ ಬಗ್ಗೆ ನೀವೂ ಓದಿರಬಹುದು. ಇದು ಸುಣ್ಣಕ್ಕೆ ಬಗ್ಗುವುದಿಲ್ಲ. ಮೊದಲು ಆಸಿಡ್ ಹಾಕಿ ಪಿಎಚ್ 2–3ಕ್ಕೆ ಇಳಿಸಿ, ಸೋಡಿಯಂ ಮೆಟಾಬೈಸಲ್ಫೈಟ್ ಹಾಕಬೇಕು. ಹಳದಿ ನೀರು ಕಣ್ಣೆದುರೇ ಹಸಿರಾಗುತ್ತದೆ. ಹಸಿರಾದ ಮೇಲೆ ಸುಣ್ಣ ಹಾಕಿದರೆ ಕೂರುತ್ತದೆ. ಈ ಕೆಲಸದಲ್ಲಿ ಮೂಗು ಸುಡುವ ಅನಿಲ ಬರುತ್ತದೆ, ಗಾಳಿ ಆಡುವ ಜಾಗ ಮತ್ತು ಮಾಸ್ಕ್ ಬೇಕೇ ಬೇಕು. ನನ್ನ ಸಲಹೆ ಕೇಳಿದರೆ, ಕ್ರೋಮ್ ಇಲ್ಲದ ಪ್ಯಾಸಿವೇಷನ್ ಕೆಮಿಕಲ್‌ಗೆ ಬದಲಾಯಿಸಿ. ಮಾರುಕಟ್ಟೆಯಲ್ಲಿ ಸಿಗುತ್ತದೆ. ನಿಮ್ಮ ಗಿರಾಕಿ ಒಪ್ಪಿದರೆ ಒಂದು ದೊಡ್ಡ ತಲೆನೋವು ಬೇರಿನಿಂದಲೇ ಹೋಗುತ್ತದೆ. ನಿಮ್ಮ ಹುಡುಗರ ಕೈಗೂ ಒಳ್ಳೆಯದು.

ಖಾಲಿ ಮಾಡುವ ಹಳೆ ದ್ರಾವಣ ಮತ್ತು ಫಾಸ್ಫೇಟ್ ಕೆಸರು, ಎರಡೂ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಒಳಗೆ ಬರುತ್ತವೆ. ಇವಕ್ಕೆ ಬೇರೆ ಅಧಿಕಾರ ಪತ್ರ ಬೇಕು. ಹಳೆ ದ್ರಾವಣವನ್ನು ಒಳಗೇ ಶುದ್ಧ ಮಾಡುವುದಾದರೆ ಅರ್ಜಿಯಲ್ಲಿ ಅದನ್ನು ಬರೆದಿರಬೇಕು. ಇಲ್ಲವಾದರೆ ಮಂಡಳಿ ಒಪ್ಪಿದ ಸಂಸ್ಥೆಗೆ ಕೊಡಬೇಕು. ಕೆಸರನ್ನು ಸೂರಿನ ಕೆಳಗೆ, ಸೋರದ ಡ್ರಮ್‌ನಲ್ಲಿ ಅಥವಾ ಚೀಲದಲ್ಲಿ, ಲೇಬಲ್ ಹಚ್ಚಿ ಇಡಿ. ಮಂಡಳಿಯ ಅನುಮತಿ ಇಲ್ಲದೆ 90 ದಿನ ಮೀರಿ ಇಟ್ಟುಕೊಳ್ಳುವ ಹಾಗಿಲ್ಲ. ನಮ್ಮ ಕಡೆಯ ಕೆಸರು ಹೋಗುವುದು ದಾಬಸ್‌ಪೇಟೆಯ ಘಟಕಕ್ಕೆ. ಕಳಿಸುವಾಗ ಫಾರಂ 10 ಮ್ಯಾನಿಫೆಸ್ಟ್ (ಸಾಗಣೆ ಪತ್ರ) ತುಂಬಿ ನಿಮ್ಮ ಪ್ರತಿ ಜೋಪಾನವಾಗಿ ಇಟ್ಟುಕೊಳ್ಳಿ. ಪ್ರತಿ ವರ್ಷ ಜೂನ್ 30ರ ಒಳಗೆ ಫಾರಂ 4ರಲ್ಲಿ ಲೆಕ್ಕ ಕೊಡಬೇಕು. ಗುಜರಿಯವರು ಬಂದು ಚೀಲಕ್ಕೆ ಇಷ್ಟು ಅಂತ ಒಯ್ಯುತ್ತೇವೆ ಅಂದರೆ ಕೊಡಬೇಡಿ. ಅದು ಯಾವುದೋ ಖಾಲಿ ಸೈಟಿನಲ್ಲೋ ಹೊಲದ ಬದುವಿನಲ್ಲೋ ಬಿದ್ದಿರುತ್ತದೆ, ಜವಾಬ್ದಾರಿ ನಿಮ್ಮ ಮೇಲೆಯೇ ಇರುತ್ತದೆ.

ನೋಟಿಸ್ ವಿಷಯಕ್ಕೆ ಬರೋಣ. ಮೊದಲು ಹೊರಗೆ ಬಿಡುವುದನ್ನು ನಿಲ್ಲಿಸಿ. ಬದಲಿ ವ್ಯವಸ್ಥೆ ಆಗುವವರೆಗೆ ನೀರನ್ನು ತೊಟ್ಟಿಯಲ್ಲಿ ಹಿಡಿದು, ನಿಮ್ಮ ಥರದ ನೀರನ್ನು ತೆಗೆದುಕೊಳ್ಳಲು ಮಂಡಳಿಯ ಒಪ್ಪಿಗೆ ಇರುವ ಸಿಇಟಿಪಿಗೆ (ಹಲವು ಫ್ಯಾಕ್ಟರಿಗಳ ನೀರನ್ನು ಒಟ್ಟಿಗೆ ಶುದ್ಧ ಮಾಡುವ ಘಟಕಕ್ಕೆ) ಟ್ಯಾಂಕರ್‌ನಲ್ಲಿ ಕಳಿಸಿ. ರಸೀದಿ ಇಟ್ಟುಕೊಳ್ಳಿ. ಉತ್ತರದಲ್ಲಿ ಇಲ್ಲದ್ದನ್ನು ಬರೆಯಬೇಡಿ. ಇಷ್ಟು ನೀರು, ಇಂಥ ಟ್ಯಾಂಕ್‌ನಿಂದ, ಇವತ್ತಿನಿಂದ ನಿಲ್ಲಿಸಿದ್ದೇವೆ, ಇಷ್ಟು ದಿನದಲ್ಲಿ ಇಷ್ಟು ಕೆಲಸ ಮಾಡುತ್ತೇವೆ ಅಂತ ದಿನಾಂಕ ಹಾಕಿ ಬರೆಯಿರಿ. ಇಟಿಪಿ ಕೊಟೇಶನ್ ಲಗತ್ತಿಸಿ. ನೋಟಿಸ್‌ಗೆ ಸುಮ್ಮನಿದ್ದರೆ ಮಂಡಳಿಗೆ ಜಲ ಕಾಯ್ದೆಯ 33ಎ ಸೆಕ್ಷನ್ ಅಡಿ ಶೆಡ್ ಮುಚ್ಚಿಸುವ, ಕರೆಂಟ್ ಮತ್ತು ನೀರು ಕಡಿಸುವ ಅಧಿಕಾರ ಇದೆ. ಹನ್ನೊಂದು ಜನರ ಸಂಬಳ ಅದರ ಮೇಲೆ ನಿಂತಿದೆ.

ಅಧಿಕಾರಿಗಳು ಸ್ಯಾಂಪಲ್ ತೆಗೆಯಲು ಬಂದರೆ ನಿಮಗೂ ಹಕ್ಕು ಇದೆ. 21ನೇ ಸೆಕ್ಷನ್ ಪ್ರಕಾರ ಅವರು ನೋಟಿಸ್ ಕೊಟ್ಟು, ನಿಮ್ಮ ಎದುರೇ ಸ್ಯಾಂಪಲ್ ಅನ್ನು ಎರಡು ಭಾಗ ಮಾಡಿ, ಸೀಲ್ ಹಾಕಿ, ಸಹಿ ಮಾಡಿಸಬೇಕು. ಎರಡು ಭಾಗ ಮಾಡಿ ಅಂತ ನೀವು ಬಾಯಿಬಿಟ್ಟು ಕೇಳಿ. ಜಗಳದ ದನಿಯಲ್ಲಿ ಬೇಡ, ಗೌರವದಿಂದಲೇ ಕೇಳಿ. ಸಂಶಯದ ಸಮಯದಲ್ಲಿ ಎರಡನೇ ಬಾಟಲಿ ನಿಮ್ಮನ್ನು ಕಾಪಾಡುತ್ತದೆ. ಇನ್ನೊಂದು, ಆಸಿಡ್ ಟ್ಯಾಂಕ್ ಒಡೆದು ನೀರು ಆಚೆ ಹೋಯಿತು ಅಂತಾದರೆ ಮುಚ್ಚಿಡಬೇಡಿ. ತಕ್ಷಣ ತಿಳಿಸಬೇಕು ಅಂತ ಕಾಯ್ದೆಯ 31ನೇ ಸೆಕ್ಷನ್ ಹೇಳುತ್ತದೆ. ಜಲಮಂಡಳಿಗೂ ಫೋನ್ ಮಾಡಿ. ಆ ಹೊತ್ತಿಗೆ ಕೆಳಗಿನ ಮ್ಯಾನ್‌ಹೋಲ್‌ನಲ್ಲಿ ಯಾರಾದರೂ ಕೆಲಸ ಮಾಡುತ್ತಿರಬಹುದು.

ಅಕ್ಕಪಕ್ಕದವರೂ ಬಿಡುತ್ತಾರೆ ಅಂದಿರಿ. ತಿರುಪ್ಪೂರಿನ ಡೈಯಿಂಗ್ ಯುನಿಟ್‌ಗಳವರೂ ವರ್ಷಗಟ್ಟಲೆ ಹಾಗೇ ಅಂದುಕೊಂಡಿದ್ದರು. ನೊಯ್ಯಲ್ ನದಿ ಹಾಳಾದ ಮೇಲೆ, 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ನೂರಾರು ಯುನಿಟ್‌ಗಳನ್ನು ಒಟ್ಟಿಗೇ ಮುಚ್ಚಿಸಿತು. ಅಷ್ಟರಲ್ಲಿ ಸರಿಯಾಗಿ ನಡೆಸುತ್ತಿದ್ದವರು, ನಡೆಸದಿದ್ದವರು ಅನ್ನುವ ಭೇದ ಉಳಿದಿರಲಿಲ್ಲ. ನೀವೇ ಒಂದು ಹೆಜ್ಜೆ ಮುಂದೆ ಇಡಬಹುದು. ನಿಮ್ಮ ರಸ್ತೆಯಲ್ಲಿ ಇದೇ ಕೆಲಸ ಮಾಡುವ ನಾಲ್ಕೈದು ಜನರನ್ನು ಸಂಜೆ ಟೀಗೆ ಕರೆಯಿರಿ. ಒಬ್ಬೊಬ್ಬರೇ ಕೆಸರು ಕಳಿಸುವುದಕ್ಕಿಂತ ಐದು ಜನ ಒಂದೇ ದಿನ ಗಾಡಿ ಕರೆಸಿದರೆ ಸಾಗಣೆ ಖರ್ಚು ಹಂಚಿಹೋಗುತ್ತದೆ. ಆದರೆ ಮ್ಯಾನಿಫೆಸ್ಟ್ ಮಾತ್ರ ಒಬ್ಬೊಬ್ಬರದೂ ಬೇರೆ ಬೇರೆ ಇರಲಿ.

ನಿಮಗೆ ಇನ್ನೂ ಖಚಿತವಾಗಿ ಹೇಳಬೇಕಾದರೆ ನನಗೆ ಮೂರು ವಿಷಯ ಬೇಕು. ಸಿಎಫ್‌ಒದ ಅನುಬಂಧದ ಪ್ರತಿ, ಏಳೂ ಟ್ಯಾಂಕ್‌ಗಳ ಅಳತೆ ಮತ್ತು ಅವುಗಳಲ್ಲಿ ಹಾಕುವ ಕೆಮಿಕಲ್ ಹೆಸರು, ಒಂದು ವಾರದ ನೀರಿನ ಮೀಟರ್ ಓದು. ಮೀಟರ್ ಓದನ್ನು ದಿನಾ ಬೆಳಗ್ಗೆ ಕೆಲಸ ಶುರು ಮಾಡುವ ಮುಂಚೆ ಮತ್ತು ಸಂಜೆ ಶೆಡ್ ಮುಚ್ಚುವಾಗ ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ಮಂಡಳಿಯವರು ಬಂದರೂ ಮೊದಲು ಕೇಳುವುದು ಆ ನೋಟ್‌ಬುಕ್ಕನ್ನೇ.